ಹಳೇ ಗಾಡಿಯ ಗೇರ್ ಆಯಿಲ್ ಮುಟ್ಟಬಾರದೇ?

ಮೂಡಲಗಿಯಲ್ಲಿರುವ ನನ್ನ ಸೋದರಮಾವನ ಬೊಲೆರೊ 2007ರದು. ಹೊಲದ ದಾರಿ, ಗೋಕಾಕದ ಸಂತೆ, ಹುಕ್ಕೇರಿಯ ಬೀಗರ ಮನೆ, ವರ್ಷಕ್ಕೊಮ್ಮೆ ಯಲ್ಲಮ್ಮನ ಗುಡ್ಡ, ಎಲ್ಲಕ್ಕೂ ಅದೇ ಗಾಡಿ. ಮೀಟರು ಎರಡು ಲಕ್ಷ ಕಿಲೋಮೀಟರ್ ದಾಟಿದೆ. ಎಂಜಿನ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳಿದರೆ ಮಾವ ತಾರೀಖು ಸಮೇತ ಹೇಳುತ್ತಾರೆ. ಗೇರ್ ಬಾಕ್ಸಿನದು ಯಾವಾಗ ಎಂದು ಕೇಳಿದೆ. ಸ್ವಲ್ಪ ಹೊತ್ತು ನೆನಪು ಮಾಡಿಕೊಂಡರು. ನೆನಪಾಗಲಿಲ್ಲ. ಬದಲಿಸಲು ಹೋದಾಗ ಅವರ ಗ್ಯಾರೇಜಿನ ಮಿಸ್ತ್ರಿಯೇ ಬೇಡ ಅಂದಿದ್ದನಂತೆ.

"ಹಳೇ ಗಾಡಿ ಗೇರ್ ಆಯಿಲ್ ಮುಟ್ಟಬಾರದ್ರಿ ಕಾಕಾ. ಛಲೋ ನಡದೈತಿ, ನಡೀಲಿ ಬಿಡ್ರಿ. ಹೊಸಾ ಎಣ್ಣಿ ಬಿತ್ತಂದ್ರ ಗೇರ್ ಬಾಕ್ಸ್ ಕೈ ಕೊಡತೈತಿ."

ಈ ಮಾತನ್ನು ನಾನು ಗೋಕಾಕದಲ್ಲೂ ಕೇಳಿದ್ದೇನೆ, ಹುಕ್ಕೇರಿಯಲ್ಲೂ ಕೇಳಿದ್ದೇನೆ, ಸಂಕೇಶ್ವರದ ಹೆದ್ದಾರಿ ಪಕ್ಕದ ಗ್ಯಾರೇಜುಗಳಲ್ಲೂ ಕೇಳಿದ್ದೇನೆ. ಹೇಳುವವರು ಕೆಲಸ ಗೊತ್ತಿಲ್ಲದವರಲ್ಲ. ಇಪ್ಪತ್ತು ಮೂವತ್ತು ವರ್ಷ ಗಾಡಿಯ ಕೆಳಗೆ ಮಲಗಿ ಕೈ ಪಳಗಿಸಿಕೊಂಡವರು. ಹಾಗಾಗಿ ಅವರ ಮಾತನ್ನು ತಳ್ಳಿಹಾಕುವ ಮೊದಲು ಅದು ಹುಟ್ಟಿದ್ದು ಎಲ್ಲಿಂದ, ಯಾವ ಗಾಡಿಗೆ ಅದು ನಿಜ, ಯಾವುದಕ್ಕೆ ನಿಜವಲ್ಲ ಎಂದು ಬಿಡಿಸಿ ನೋಡಬೇಕು. ನೋಡಿದ ಮೇಲೆ ನಾನು ಬಂದು ನಿಂತಿರುವ ತೀರ್ಮಾನ ಇದು: ಕೈಯಿಂದ ಗೇರ್ ಹಾಕುವ ಗಾಡಿಯಲ್ಲಿ ಈ ಮಾತಿಗೆ ಆಧಾರವಿಲ್ಲ. ಆಟೊಮ್ಯಾಟಿಕ್ ಗಾಡಿಯಲ್ಲಿ ಒಂದೇ ಒಂದು ಸಂದರ್ಭದಲ್ಲಿ ಇದರಲ್ಲಿ ಹುರುಳಿದೆ, ಆ ಸಂದರ್ಭ ಬಂದಿದೆಯೇ ಎಂದು ತಿಳಿಯುವುದೂ ಕಷ್ಟವಲ್ಲ.

ಮೂಡಲಗಿ, ಗೋಕಾಕ, ಹುಕ್ಕೇರಿ, ನಮ್ಮ ಈ ಮೂರೂ ತಾಲ್ಲೂಕುಗಳಲ್ಲಿ ಓಡುವ ಹಳೆಯ ಗಾಡಿಗಳಲ್ಲಿ ಹೆಚ್ಚಿನವು ಕೈಗೇರಿನವೇ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು, ಆದರೂ ಹಳ್ಳಿಯ ಕಡೆ ಅದು ಇನ್ನೂ ಕಣ್ಣಿಗೆ ಬೀಳುತ್ತದೆ. ಓಮ್ನಿ, ಆಲ್ಟೊ, ಇಂಡಿಕಾ, ಸುಮೊ ಇವೆ. ಇವುಗಳ ಗೇರ್ ಬಾಕ್ಸಿನೊಳಗೆ ಎಣ್ಣೆಗಿರುವ ಕೆಲಸ ಸರಳವಾದದ್ದು. ಒಂದಕ್ಕೊಂದು ಒತ್ತಿ ತಿರುಗುವ ಹಲ್ಲುಗಳ ನಡುವೆ ಪೊರೆಯಾಗಿ ನಿಲ್ಲಬೇಕು, ಬೇರಿಂಗುಗಳನ್ನು ತೋಯಿಸಬೇಕು, ಶಾಖವನ್ನು ಹೊರಗಿನ ಕವಚಕ್ಕೆ ಮುಟ್ಟಿಸಬೇಕು. ಎಂಜಿನ್ ಆಯಿಲ್ ಬೇಗ ಕಪ್ಪಾಗುವುದು ಅಲ್ಲಿ ಇಂಧನ ಉರಿದು ಮಸಿ ಸೇರುವುದರಿಂದ. ಗೇರ್ ಬಾಕ್ಸಿನಲ್ಲಿ ಏನೂ ಉರಿಯುವುದಿಲ್ಲ. ಆದ್ದರಿಂದ ಅಲ್ಲಿನ ಎಣ್ಣೆ ಹಳಸುವುದು ನಿಧಾನ, ಮನೆಯವರು ಅದನ್ನು ಮರೆಯುವುದು ಸಹಜ.

ಹಳಸುವುದಂತೂ ತಪ್ಪುವುದಿಲ್ಲ. ಬಿಸಿಗೆ ಎಣ್ಣೆ ಕೆಡುತ್ತದೆ. ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಕೆಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಎಣ್ಣೆಯ ಕೆಲಸದವರು ಒಪ್ಪಿಕೊಂಡು ಬಂದ ಲೆಕ್ಕ. ಹಲ್ಲುಗಳು ಸವೆದು ಬಿದ್ದ ಕಬ್ಬಿಣದ ಪುಡಿ ಎಣ್ಣೆಯಲ್ಲೇ ಉಳಿಯುತ್ತದೆ. ಸಾಮಾನ್ಯ ಕೈಗೇರಿನ ಪೆಟ್ಟಿಗೆಗೆ ಎಂಜಿನ್ನಿಗಿರುವಂಥ ಫಿಲ್ಟರ್ ಇಲ್ಲ ಎಂಬುದನ್ನು ಬಹಳ ಜನ ಗಮನಿಸಿಲ್ಲ. ಹೆಚ್ಚೆಂದರೆ ಕೆಳಗಿನ ನಟ್ಟಿಗೆ ಒಂದು ಅಯಸ್ಕಾಂತ ಇರುತ್ತದೆ. ಅದು ಹಿಡಿದಷ್ಟು ಹಿಡಿದೀತು, ಉಳಿದ ಪುಡಿ ಎಣ್ಣೆಯ ಜೊತೆ ಸುತ್ತುತ್ತಾ ಹೊಸ ಸವೆತಕ್ಕೆ ಕಾರಣವಾಗುತ್ತದೆ. ಹಳೆಯ ಎಣ್ಣೆಯನ್ನು ಒಳಗೇ ಇಟ್ಟುಕೊಂಡು ಗೇರ್ ಬಾಕ್ಸನ್ನು ಕಾಪಾಡುತ್ತೇವೆ ಎನ್ನುವವರು ಈ ಪುಡಿಗೆ ಏನು ಹೇಳುತ್ತಾರೆ?

ಕಳೆದ ಬೇಸಿಗೆಯಲ್ಲಿ ಮಾವನನ್ನು ಒಪ್ಪಿಸಿ ಗಾಡಿಯನ್ನು ಗೋಕಾಕದ ಒಂದು ಗ್ಯಾರೇಜಿಗೆ ತಂದೆವು. ಮೂಡಲಗಿಯಿಂದ ಓಡಿಸಿಕೊಂಡೇ ಬಂದದ್ದರಿಂದ ಎಣ್ಣೆ ಬೆಚ್ಚಗಿತ್ತು. ಅಲ್ಲಿನ ಹಿರಿಯ ಮಿಸ್ತ್ರಿ ಗುಂಡಿಗೆ ಇಳಿದು ಮೊದಲು ಮೇಲಿನ ನಟ್ ಬಿಚ್ಚಿದರು, ಎಣ್ಣೆ ತುಂಬುವ ತೂತಿನದು. "ಕೆಳಗಿಂದು ಮೊದಲ ಬಿಚ್ಚಿ ಎಲ್ಲಾ ಸುರುವಿ, ಆಮ್ಯಾಲೆ ಮ್ಯಾಲಿಂದು ತುಕ್ಕು ಹಿಡದು ಬರಲಿಲ್ಲಂದ್ರ ಗಾಡಿ ಇಲ್ಲೇ ಕುಂಡ್ರತೈತ್ರಿ" ಅಂದರು. ಇಷ್ಟು ಮುಂದಾಲೋಚನೆ ಇರುವವರ ಕೈಗೆ ಗಾಡಿ ಕೊಡಬಹುದು ಎಂದು ನನಗೆ ಆಗಲೇ ಅನ್ನಿಸಿತು. ಕೆಳಗಿನ ನಟ್ ಸಡಿಲಾದಾಗ ಎಣ್ಣೆ ಕಾಕಂಬಿಯ ಬಣ್ಣದಲ್ಲಿ, ಕಾಕಂಬಿಗಿಂತ ತೆಳ್ಳಗೆ ಇಳಿಯಿತು. ಗಂಧಕದ ಘಾಟು ಮೂಗಿಗೆ ಬಡಿಯಿತು. ಗೇರ್ ಆಯಿಲ್‌ಗೆ ಆ ವಾಸನೆ ಹೊಸದಿದ್ದಾಗಲೂ ಇರುತ್ತದೆ, ಅದರಿಂದ ಗಾಬರಿಯಾಗಬೇಕಿಲ್ಲ. ನಟ್ಟಿನ ಅಯಸ್ಕಾಂತದ ಮೇಲೆ ಬೆರಳ ತುದಿಯಷ್ಟು ಬೂದು ಬಣ್ಣದ ಕೆಸರು ಕೂತಿತ್ತು. ಮಿಸ್ತ್ರಿ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ, ನನ್ನ ಬೆರಳಿಗೂ ಹಚ್ಚಿದರು. ವಿಭೂತಿಯಷ್ಟು ನುಣುಪು. ಚುಚ್ಚುವ ಚೂರು ಒಂದೂ ಇಲ್ಲ. ನುಣುಪಾದ ಪುಡಿ ವಯಸ್ಸಿನ ಸಹಜ ಸವೆತ. ಚುಚ್ಚುವ ಚೂರು, ಹಲ್ಲಿನ ತುಣುಕು ಸಿಕ್ಕಿದ್ದರೆ ಮಾತು ಬೇರೆ, ಆಗ ಎಣ್ಣೆಯ ಪ್ರಶ್ನೆ ಮುಗಿದು ರಿಪೇರಿಯ ಪ್ರಶ್ನೆ ಶುರುವಾಗುತ್ತಿತ್ತು.

ಆ ಗುಂಡಿಯ ಪಕ್ಕ ನಿಂತಾಗ ನನಗೆ ಸ್ಪಷ್ಟವಾದದ್ದು ಏನೆಂದರೆ, ಬದಲಿಸಬೇಕೋ ಬೇಡವೋ ಎಂದು ನಾವು ನಟ್ ಬಿಚ್ಚದೆಯೇ ವಾದ ಮಾಡುತ್ತೇವೆ. ಉತ್ತರ ಇರುವುದು ನಟ್ಟಿನ ತುದಿಯಲ್ಲಿ.

ಇನ್ನು ಭಯದ ಮೂಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಇಲ್ಲಿ ಬಹುಮಟ್ಟಿಗೆ ನಡೆಯುವುದು ಅದೇ. ಗೇರ್ ಬಾಕ್ಸ್ ಸುಮ್ಮನಿದ್ದಷ್ಟು ದಿನ ಯಾರಿಗೂ ಎಣ್ಣೆಯ ನೆನಪು ಬರುವುದಿಲ್ಲ. ಎರಡನೇ ಗೇರ್ ಬೀಳುವಾಗ ಕರಕರ ಎನ್ನತೊಡಗಿದ ಮೇಲೆ, ಬೇರಿಂಗು ಗುಂಯ್ ಎಂದ ಮೇಲೆ ಗ್ಯಾರೇಜಿಗೆ ಹೋಗುತ್ತೇವೆ. ಕಡಿಮೆ ಖರ್ಚಿನದೆಂದು ಮೊದಲು ಎಣ್ಣೆ ಬದಲಿಸುತ್ತಾರೆ. ಆಗಲೇ ಸವೆದದ್ದು ಎಣ್ಣೆಯಿಂದ ಬೆಳೆಯುವುದಿಲ್ಲ, ಎರಡು ತಿಂಗಳಲ್ಲಿ ಗೇರ್ ಬಾಕ್ಸ್ ಕೂರುತ್ತದೆ. ಊರಲ್ಲಿ ಉಳಿಯುವ ಸುದ್ದಿ ಮಾತ್ರ "ಎಣ್ಣಿ ಬದಲಿಸಿದ, ಗಾಡಿ ಕೆಡಸಿದ" ಎಂಬುದು. ಸರಿಯಾದ ಹೊತ್ತಿಗೆ ಬದಲಿಸಿ ಹತ್ತು ವರ್ಷ ನೆಮ್ಮದಿಯಾಗಿ ಓಡಿಸಿದವರ ಸುದ್ದಿ ಯಾರಿಗೂ ಸುದ್ದಿಯಲ್ಲ.

ಇದಕ್ಕೆ ಮಿಸ್ತ್ರಿಯ ಕಡೆಯಿಂದಲೂ ಒಂದು ಕಾರಣ ಇದೆ, ಅದನ್ನು ಸಿಟ್ಟಿಲ್ಲದೆ ಅರ್ಥ ಮಾಡಿಕೊಳ್ಳಬೇಕು. ಮುಟ್ಟದ ಗಾಡಿ ಕೆಟ್ಟರೆ ಹಣೆಬರಹ. ಮುಟ್ಟಿದ ಗಾಡಿ ಕೆಟ್ಟರೆ ಮುಟ್ಟಿದವನ ತಲೆಗೆ. ನಾಲ್ಕು ಊರ ಜನ ಬರುವ ಸಣ್ಣ ಗ್ಯಾರೇಜಿಗೆ ಒಂದು ಕೆಟ್ಟ ಹೆಸರು ಬಂದರೆ ಒಂದು ವರ್ಷದ ದುಡಿಮೆಗೆ ಪೆಟ್ಟು. ಹೀಗಿರುವಾಗ "ಮುಟ್ಟಬ್ಯಾಡ್ರಿ" ಎಂಬ ಸಲಹೆ ಅವನ ಮಟ್ಟಿಗೆ ಜಾಣತನವೇ. ಆದರೆ ಅದು ಅವನ ಹೆಸರನ್ನು ಕಾಯುವ ಸಲಹೆ, ಗಾಡಿಯನ್ನು ಕಾಯುವ ಸಲಹೆಯಲ್ಲ. ಗಿರಾಕಿಗಳಾದ ನಾವು, ನಟ್ ಬಿಚ್ಚಿ ಕಂಡದ್ದನ್ನು ತೋರಿಸಿದ ಮೇಲೆ ಆಗುವುದಕ್ಕೆ ಅವನನ್ನು ದೂರುವುದಿಲ್ಲ ಎಂದು ಮೊದಲೇ ಬಾಯಿಬಿಟ್ಟು ಹೇಳಿದರೆ ಸಲಹೆ ಬದಲಾಗುತ್ತದೆ. ನಾನು ಹೇಳಿ ನೋಡಿದ್ದೇನೆ, ಬದಲಾಗಿದೆ.

ಹೊಸ ಎಣ್ಣೆಯಿಂದಲೇ ತೊಂದರೆಯಾದ ಉದಾಹರಣೆಗಳೂ ಇವೆ. ಅಲ್ಲಿ ತಪ್ಪು ಬದಲಿಸಿದ್ದರಲ್ಲಿಲ್ಲ, ಹಾಕಿದ ಎಣ್ಣೆಯಲ್ಲಿದೆ. ನಮ್ಮ ಕಡೆ ಬಹಳ ಗ್ಯಾರೇಜುಗಳಲ್ಲಿ ಒಂದು ಡ್ರಮ್ಮಿನ "90 ನಂಬರ್ ಎಣ್ಣೆ" ಎಲ್ಲ ಗಾಡಿಗೂ ಹೋಗುತ್ತದೆ. ಗೇರ್ ಎಣ್ಣೆಯ ಡಬ್ಬಿಯ ಮೇಲೆ ಜಿಎಲ್-4, ಜಿಎಲ್-5 ಎಂಬ ದರ್ಜೆ ಇರುತ್ತದೆ. ಬೊಲೆರೊ, ಸುಮೊದಂಥ ಗಾಡಿಗಳ ಹಿಂದಿನ ಕ್ರೌನಿಗೆ (ಡಿಫರೆನ್ಷಿಯಲ್) ಜಿಎಲ್-5 ಬೇಕು, ಅಲ್ಲಿ ಹಲ್ಲುಗಳು ಜಾರಿಕೊಂಡು ಒತ್ತುವ ಭಾರ ಹೆಚ್ಚು. ಅದೇ ಎಣ್ಣೆಯನ್ನು ಜಿಎಲ್-4 ಕೇಳುವ ಗೇರ್ ಬಾಕ್ಸಿಗೆ ಹಾಕಿದರೆ ಅದರಲ್ಲಿನ ಗಂಧಕ, ರಂಜಕದ ಮಿಶ್ರಣ ಹಿತ್ತಾಳೆಯ ಸಿಂಕ್ರೊ ಬಳೆಗಳನ್ನು ಕಾಲಕ್ರಮದಲ್ಲಿ ತಿನ್ನಬಹುದು. ಗೇರ್ ನುಣುಪಾಗಿ ಬೀಳಲು ಆ ಬಳೆಗಳೇ ಆಧಾರ. ಗಾಡಿಯ ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ, ಇಂಥ ದರ್ಜೆ, ಇಂಥ ದಪ್ಪ, ಇಷ್ಟು ಲೀಟರ್ ಎಂದು. ಆ ಸಾಲನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡು ಡಬ್ಬಿಯನ್ನು ನಾವೇ ಕೊಂಡು ಒಯ್ದರೆ ಅರ್ಧ ಭಯ ಅಲ್ಲಿಗೇ ಮುಗಿಯಿತು.

ಖರ್ಚಿನ ಮಾತೂ ಇಲ್ಲೇ ಬರುತ್ತದೆ. ಮಾವನ ಗಾಡಿಗೆ 2022ರಲ್ಲಿ ಹದಿನೈದು ವರ್ಷ ತುಂಬಿತು. ಅದೇ ವರ್ಷದ ಏಪ್ರಿಲ್ 1ರಿಂದ ಹಳೆಯ ಖಾಸಗಿ ಕಾರುಗಳ ನೋಂದಣಿ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಅದನ್ನು ಕಟ್ಟಿ, ತಪಾಸಣೆ ಮಾಡಿಸಿ, ಇನ್ನೂ ಐದು ವರ್ಷ ಓಡಿಸಲು ಮಾವ ಅನುಮತಿ ಪಡೆದರು. ಅಂದರೆ ಗಾಡಿಯನ್ನು ಇಟ್ಟುಕೊಳ್ಳುವ ತೀರ್ಮಾನ ಆಗಿಹೋಗಿದೆ. ಹಾಗೆ ತೀರ್ಮಾನಿಸಿದವರು ಗೇರ್ ಬಾಕ್ಸು, ಕ್ರೌನು ಎರಡರ ಎಣ್ಣೆಯನ್ನೂ ಬದಲಿಸಿದರೆ ಕೂಲಿ ಸೇರಿ ಆ ಶುಲ್ಕದಷ್ಟೂ ಆಗುವುದಿಲ್ಲ. ಗೇರ್ ಬಾಕ್ಸ್ ಬಿಚ್ಚಿಸುವ ಹೊತ್ತು ಬಂದರೆ ಅದರ ಹಲವು ಪಟ್ಟು ಹೋಗುತ್ತದೆ. ಮುಂದಿನ ತಿಂಗಳು ಗುಜರಿಗೆ ಹಾಕುವ ಗಾಡಿಯಾದರೆ ಎಣ್ಣೆ ಬೇಡ, ಒಪ್ಪುತ್ತೇನೆ. ಐದು ವರ್ಷ ಓಡಬೇಕಾದ ಗಾಡಿಗೆ ಬೇಡ ಎನ್ನುವುದಕ್ಕೆ ಲೆಕ್ಕ ಕೂಡಿಬರುವುದಿಲ್ಲ.

ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಂಡಿ ಕಟ್ಟುವ ಮುಂಚೆ ಕೀಲೆಣ್ಣೆ ಹಾಕದೆ ದೂರದೂರಿಗೆ ಹೊರಟವರಿಲ್ಲ, ಬಂಡಿ ಹಳೆಯದಾದಷ್ಟೂ ಆ ಬಗ್ಗೆ ಕಾಳಜಿ ಹೆಚ್ಚುತ್ತಿತ್ತು. ಸಕ್ಕರೆ ಕಾರ್ಖಾನೆಗಳನ್ನು ನೋಡಿ. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ಬೇಸಿಗೆಯಿಡೀ ಯಂತ್ರಗಳನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಮುಂದಿನ ಹಂಗಾಮಿಗೆ ಸಜ್ಜು ಮಾಡುತ್ತಾರೆ. ಹಳೆಯ ಯಂತ್ರ, ಮುಟ್ಟಿದರೆ ಕೆಟ್ಟೀತು ಎಂದು ಬಿಟ್ಟರೆ ಹಂಗಾಮಿನ ನಡುವೆ ನಿಂತು ಹೋಗುತ್ತದೆ ಎಂದು ಅವರಿಗೆ ಗೊತ್ತು. ಆ ಕಾರ್ಖಾನೆಗೆ ಕಬ್ಬು ಕಳಿಸುವ ರೈತ ತನ್ನ ಟ್ರ್ಯಾಕ್ಟರಿನ ಎಣ್ಣೆಯನ್ನು ಗಂಟೆ ಎಣಿಸಿ ಬದಲಿಸುತ್ತಾನೆ, ಮನೆ ಮುಂದಿನ ಕಾರಿನದನ್ನು ಮಾತ್ರ ದೇವರ ಮೇಲೆ ಬಿಡುತ್ತಾನೆ.

ಆಟೊಮ್ಯಾಟಿಕ್ ಗಾಡಿಯ ವಿಷಯಕ್ಕೆ ಬಂದರೆ ಎಚ್ಚರಿಕೆ ಬೇಕು. ಮೊದಲು ಯಾವ ಆಟೊಮ್ಯಾಟಿಕ್ ಎಂದು ಕೇಳಿಕೊಳ್ಳಬೇಕು. 2014ರಲ್ಲಿ ಸೆಲೆರಿಯೊದೊಂದಿಗೆ ನಮ್ಮ ದೇಶಕ್ಕೆ ಬಂದ ಎಎಂಟಿ ಗಾಡಿಗಳಲ್ಲಿ ಒಳಗಿರುವುದು ಕೈಗೇರಿನ ಪೆಟ್ಟಿಗೆಯೇ. ಕ್ಲಚ್ಚು, ಗೇರು ಹಾಕುವ ಕೆಲಸವನ್ನು ಒಂದು ಯಂತ್ರದ ಕೈ ಮಾಡುತ್ತದೆ, ಅಷ್ಟೇ. ಪೆಟ್ಟಿಗೆಯೊಳಗಿನ ಎಣ್ಣೆಗೆ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ.

ಟಾರ್ಕ್ ಕನ್ವರ್ಟರ್ ಇರುವ ನಿಜವಾದ ಆಟೊಮ್ಯಾಟಿಕ್ ಬೇರೆ ಜಾತಿ. ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಅನೇಕ ಟ್ರ್ಯಾಕ್ಟರುಗಳಲ್ಲಿ ಗೇರನ್ನು ತೋಯಿಸುವ ಎಣ್ಣೆಯೇ ಹಿಂದಿನ ಹೈಡ್ರಾಲಿಕ್ಕನ್ನೂ ಎತ್ತುತ್ತದೆ. ಎಣ್ಣೆ ಕಡಿಮೆಯಾದರೆ, ಕೆಟ್ಟರೆ ನೇಗಿಲು ಮೇಲೇಳುವುದಿಲ್ಲ. ಆಟೊಮ್ಯಾಟಿಕ್ ಕಾರಿನಲ್ಲೂ ಎಣ್ಣೆ ಬರೀ ಜಾರಿಸುವ ವಸ್ತುವಲ್ಲ, ದುಡಿಯುವ ಆಳು. ಎಂಜಿನ್ನಿನ ಬಲವನ್ನು ದಾಟಿಸುವುದು ಅದು, ಒತ್ತಡ ಕೊಟ್ಟು ಒಳಗಿನ ಕ್ಲಚ್ ತಟ್ಟೆಗಳನ್ನು ಒಂದಕ್ಕೊಂದು ಕಚ್ಚಿಸುವುದು ಅದು. ಆ ತಟ್ಟೆಗಳು ಎಷ್ಟು ಜಾರಬೇಕು, ಎಷ್ಟು ಹಿಡಿಯಬೇಕು ಎಂಬುದು ಎಣ್ಣೆಗೆ ಬೆರೆಸಿದ ರಾಸಾಯನಿಕದ ಮೇಲೆ ನಿಂತಿದೆ. ನವೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಹಿಂದೆ ಮೈಲುಗಟ್ಟಲೆ ತೆವಳುತ್ತೇವಲ್ಲ, ಆಗ ಕನ್ವರ್ಟರಿನೊಳಗೆ ಜಾರಿಕೆ ಹೆಚ್ಚಿ ಎಣ್ಣೆ ಕಾಯುತ್ತದೆ. ಗಾಡಿಯ ಪುಸ್ತಕಗಳು ಧೂಳು, ಭಾರ, ತೆವಳುವ ಓಟವನ್ನು ಕಠಿಣ ಬಳಕೆ ಎಂದು ಕರೆದು ಎಣ್ಣೆಯ ಅವಧಿಯನ್ನು ಮೊಟಕು ಮಾಡುತ್ತವೆ. ನಮ್ಮ ಭಾಗದ ದಿನನಿತ್ಯದ ಓಟವೇ ಅದು.

ಈ ಎಣ್ಣೆ ಗಾಡಿಯ ಆಯುಷ್ಯಕ್ಕೆ ಸಾಕು ಎಂದು ಕೆಲವು ಕಾರು ಕಂಪನಿಗಳು ಹೇಳಿದ್ದುಂಟು. ಗೇರ್ ಬಾಕ್ಸುಗಳನ್ನೇ ತಯಾರಿಸುವ ಜರ್ಮನಿಯ ಜೆಡ್‌ಎಫ್ ಕಂಪನಿ ಮಾತ್ರ ತನ್ನ ಆಟೊಮ್ಯಾಟಿಕ್ ಪೆಟ್ಟಿಗೆಗಳಿಗೆ 80,000ದಿಂದ 1,20,000 ಕಿಲೋಮೀಟರಿನೊಳಗೆ ಇಲ್ಲವೇ 8 ವರ್ಷಕ್ಕೆ ಎಣ್ಣೆ ಬದಲಿಸಲು ಸಲಹೆ ಕೊಡುತ್ತದೆ. ಹೆತ್ತವರ ಮಾತಿಗೆ ಹೆಚ್ಚು ಬೆಲೆ ಕೊಡುವುದು ಸರಿ ಎಂದು ನನ್ನ ಅಭಿಪ್ರಾಯ.

ಹಾಗಾದರೆ "ಮುಟ್ಟಬಾರದು" ಎಂಬ ಮಾತಿನಲ್ಲಿ ಹುರುಳಿರುವುದು ಎಲ್ಲಿ? ತಟ್ಟೆಗಳು ಆಗಲೇ ಸವೆದು ಜಾರತೊಡಗಿರುವ ಗಾಡಿಯಲ್ಲಿ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಡ್ರೈವಿಗೆ ಹಾಕಿದರೆ ಎರಡು ಕ್ಷಣ ತಡೆದು ಧಡ್ ಎಂದು ಹಿಡಿಯುತ್ತದೆ. ಎಣ್ಣೆ ಕಪ್ಪಾಗಿ, ಸುಟ್ಟ ವಾಸನೆ ಬರುತ್ತದೆ. ಅಲ್ಲಿ ಜಾರುವ ಗುಣ ಕಳೆದುಕೊಂಡ ಹಳೆಯ ಎಣ್ಣೆ, ಅದರಲ್ಲಿ ತೇಲುವ ಪುಡಿ ಹೇಗೋ ಹಿಡಿತ ಕೊಡುತ್ತಿರಬಹುದು. ಹೊಸ ಎಣ್ಣೆ ಬಿದ್ದಾಗ ಜಾರಿಕೆ ಬಯಲಿಗೆ ಬರುತ್ತದೆ. ಗೇರ್ ಬಾಕ್ಸನ್ನು ಕೊಂದದ್ದು ಹೊಸ ಎಣ್ಣೆಯಲ್ಲ, ಎಷ್ಟೋ ವರ್ಷ ಬದಲಿಸದೆ ಉಳಿದ ಹಳೆಯ ಎಣ್ಣೆ. ಆದರೂ ಆ ಹಂತದಲ್ಲಿ ಎಣ್ಣೆಗೆ ದುಡ್ಡು ಹಾಕಬೇಡಿ, ರಿಪೇರಿಗೆ ಕೂಡಿಡಿ.

ಈ ಲಕ್ಷಣ ಯಾವುದೂ ಇಲ್ಲದೆ ಚೆನ್ನಾಗಿ ಓಡುತ್ತಿರುವ, ಹಿಂದಿನ ದಾಖಲೆ ಸಿಗದ ಆಟೊಮ್ಯಾಟಿಕ್‌ಗೆ ಎಣ್ಣೆ ಬದಲಿಸುವುದೇ ಸರಿ, ಆದರೆ ಯಂತ್ರ ಹಚ್ಚಿ ಒತ್ತಡದಿಂದ ತೊಳೆಸಬಾರದು. ಕೆಳಗಿನ ನಟ್ ಬಿಚ್ಚಿ ಇಳಿದಷ್ಟು ಇಳಿಸಿ, ಅಷ್ಟೇ ಹೊಸದು ತುಂಬಬೇಕು. ಕನ್ವರ್ಟರಿನಲ್ಲಿ, ಕೊಳವೆಗಳಲ್ಲಿ ಹಳೆಯದು ಉಳಿಯುವುದರಿಂದ ಒಮ್ಮೆಗೆ ಅರ್ಧಕ್ಕಿಂತ ಕಡಿಮೆಯೇ ಬದಲಾಗುತ್ತದೆ. ಶೇ 40ರಷ್ಟು ಬದಲಾಯಿತು ಎಂದುಕೊಳ್ಳಿ. ಸಾವಿರ ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಮಾಡಿದರೆ ಶೇ 64, ಮೂರನೇ ಸಲಕ್ಕೆ ಸುಮಾರು ಶೇ 78 ಹೊಸದಾಗುತ್ತದೆ. ಹೀಗೆ ಮೆಲ್ಲಗೆ ಹೋದರೆ ಒಳಗಿನ ಕೊಳೆ ಒಮ್ಮೆಲೇ ಎದ್ದು ಸಣ್ಣ ದಾರಿಗಳಲ್ಲಿ ಸಿಕ್ಕುವ ಭಯವಿಲ್ಲ. ಸಿವಿಟಿ ಎಂಬ ಇನ್ನೊಂದು ಬಗೆಯ ಆಟೊಮ್ಯಾಟಿಕ್ ಗಾಡಿಗಾದರೆ ಅದಕ್ಕೆಂದೇ ಮಾಡಿದ ಎಣ್ಣೆಯ ಹೊರತು ಬೇರೆ ಯಾವುದನ್ನೂ ಹಾಕಿಸಬೇಡಿ. ಅದು ಊರಲ್ಲಿ ಸಿಗದಿದ್ದರೆ ಬೆಳಗಾವಿಗೆ ಹೋಗಿ ತರಬೇಕಾದರೂ ಸರಿ.

ಇಷ್ಟೆಲ್ಲ ವಿಚಾರ ಮಾಡದೆ, ಹಿಂದೆಮುಂದೆ ನೋಡದೆ ಬದಲಿಸಲೇಬೇಕಾದ ಗಾಡಿಯೂ ನಮ್ಮಲ್ಲಿದೆ. ನೆರೆಗೆ ಸಿಕ್ಕ ಗಾಡಿ. 2019ರ ಆಗಸ್ಟ್‌ನಲ್ಲಿ ಹಿಡಕಲ್ ಜಲಾಶಯದಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರೂ ಸೇರಿ ಘಟಪ್ರಭೆ ಗೋಕಾಕ ಊರೊಳಗೆ ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ನನ್ನ ಹತ್ತಿರದ ಸಂಬಂಧಿಯೊಬ್ಬರ ಕಾರು ಎರಡು ದಿನ ಬಾಗಿಲ ಅರ್ಧದವರೆಗೆ ನೀರಿನಲ್ಲಿ ನಿಂತಿತ್ತು. ಸೀಟು ಒಣಗಿಸಿದರು, ಎಂಜಿನ್ ಆಯಿಲ್ ಬದಲಿಸಿದರು. ಗೇರ್ ಬಾಕ್ಸ್ ಮುಚ್ಚಿದ ಪೆಟ್ಟಿಗೆ, ನೀರು ಹೋಗಿರಲಿಕ್ಕಿಲ್ಲ ಎಂದು ಗ್ಯಾರೇಜಿನವರು ಹೇಳಿದ್ದನ್ನು ನಂಬಿದರು. ಮುಚ್ಚಿದ ಪೆಟ್ಟಿಗೆಗೂ ಉಸಿರಾಡಲು ಬ್ರೀದರ್ ಎಂಬ ಸಣ್ಣ ಕೊಳವೆ ಇರುತ್ತದೆ. ಓಡಿ ಬಿಸಿಯಾದ ಪೆಟ್ಟಿಗೆ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಅದೇ ಕೊಳವೆಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಮರುವರ್ಷ ಗೇರ್ ಬಾಕ್ಸ್ ಸದ್ದು ಮಾಡತೊಡಗಿದಾಗ ನಟ್ ಬಿಚ್ಚಿದರು. ಇಳಿದದ್ದು ಎಣ್ಣೆಯಾಗಿರಲಿಲ್ಲ, ಹಾಲು ಹೆಚ್ಚಾದ ಚಹಾದ ಬಣ್ಣದ ರಸ. ಬೇರಿಂಗುಗಳಿಗೆ ತುಕ್ಕು ಹತ್ತಿತ್ತು. ಆಟೊಮ್ಯಾಟಿಕ್ ಆಗಿದ್ದರೆ ಇನ್ನೂ ಬೇಗ ಕೆಡುತ್ತಿತ್ತು, ನೀರು ಕ್ಲಚ್ ತಟ್ಟೆಗಳ ಅಂಟನ್ನೇ ಬಿಡಿಸುತ್ತದೆ. ನಮ್ಮ ಕಡೆ ಹಳೆಯ ಕಾರು ಕೊಳ್ಳುವವರು ಬಣ್ಣ, ಟೈರು ನೋಡುವ ಮುಂಚೆ ಗೇರ್ ಬಾಕ್ಸಿನ ಮೇಲಿನ ನಟ್ ಬಿಚ್ಚಿಸಿ ಬೆರಳು ಅದ್ದಿ ನೋಡಬೇಕು. ಮಾರುವವರು ಒಪ್ಪದಿದ್ದರೆ ಆ ಗಾಡಿ ಬೇಡ.

ತೆಗೆದ ಹಳೆಯ ಎಣ್ಣೆಯ ಬಗ್ಗೆಯೂ ಒಂದು ಮಾತು. ಅದನ್ನು ಗಟಾರಕ್ಕೆ ಸುರಿದರೆ ಮೊದಲ ಮಳೆಗೆ ಘಟಪ್ರಭೆ ಸೇರುತ್ತದೆ, ನಾವು ಕುಡಿಯುವುದು ಆ ನದಿಯನ್ನೇ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಬಳಸಿದ ಎಣ್ಣೆಯೂ ಇದೆ. ಡಬ್ಬಿಯಲ್ಲಿ ತುಂಬಿಸಿ, ಹಳೆಯ ಎಣ್ಣೆ ಕೊಳ್ಳುವವರಿಗೆ ಗ್ಯಾರೇಜಿನವರು ಕೊಡುವಂತೆ ನಿಂತು ನೋಡಿಕೊಳ್ಳಿ.

ಮಾವನ ಬೊಲೆರೊ ಎಣ್ಣೆ ಬದಲಿಸಿದ ಮೇಲೆ ಒಂದು ಹಂಗಾಮು ಪೂರ್ತಿ ಓಡಿದೆ. ಬೆಳಗಿನ ಚಳಿಯಲ್ಲಿ ಎರಡನೇ ಗೇರ್ ಮೊದಲಿಗಿಂತ ಹಗುರಾಗಿ ಬೀಳುತ್ತದೆ ಎಂದು ಮಾವನೇ ಹೇಳಿದರು. ಚಾಲಕನ ಬಾಗಿಲ ಒಳಬದಿಯಲ್ಲಿ ಬಿಳಿ ಬಣ್ಣದಲ್ಲಿ ಮೂರು ಸಾಲು ಬರೆಸಿದ್ದಾರೆ: ಬದಲಿಸಿದ ತಾರೀಖು, ಮೀಟರಿನ ಓದು, ಎಣ್ಣೆಯ ದರ್ಜೆ. ನಿಮ್ಮ ಗಾಡಿಗೂ ಆ ಮೂರು ಸಾಲು ಬರೆಸಿ. ಬರೆಸಲು ತಾರೀಖೇ ಗೊತ್ತಿಲ್ಲದಿದ್ದರೆ ಮುಂದಿನ ಕಬ್ಬಿನ ಹಂಗಾಮು ಶುರುವಾಗುವ ಮೊದಲು ನಟ್ ಬಿಚ್ಚಿಸಿ, ಪಕ್ಕದಲ್ಲೇ ನಿಂತು ನೋಡಿ.